ಶುಗರ್ ಮಾತ್ರೆ ಶುರುವಾದ ಮೇಲೆ ಅಮ್ಮನಿಗೆ ವಾಕರಿಕೆ

ಅಮ್ಮ ಮೆಟ್‌ಫಾರ್ಮಿನ್ ಶುರು ಮಾಡಿ ಹತ್ತು ದಿನ ಆಯ್ತು, ಅವತ್ತಿನಿಂದ ವಾಕರಿಕೆ, ಬಾಯಲ್ಲಿ ಒಂಥರಾ ಲೋಹದ ರುಚಿ, ಆಗಾಗ ಭೇದಿ, ಇದು ಗ್ಯಾಸ್ಟ್ರಿಕ್ಕಾ ಅಂತ ಕೇಳಿದ್ದೀರಿ. ನನಗೆ ಮೊದಲ ಅನುಮಾನ ಮಾತ್ರೆಯ ಮೇಲೆಯೇ. ಶುರುವಿನ ಕೆಲವು ವಾರ ಇದು ತುಂಬಾ ಜನರಿಗೆ ಆಗುತ್ತದೆ. ನಮ್ಮ ಅಪ್ಪನಿಗೂ ಆಗಿತ್ತು, ಬೆಳಿಗ್ಗೆ ಬರೀ ಕಾಫಿ ಕುಡಿದು ಮಾತ್ರೆ ನುಂಗುತ್ತಿದ್ದರು, ತಿಂಡಿಯ ಜೊತೆಗೇ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಎಷ್ಟೋ ಕಡಿಮೆ ಆಯ್ತು. ಹಾಗೂ ಹೋಗದಿದ್ದರೆ ಡಾಕ್ಟರನ್ನು ಕೇಳಿ, ನಿಧಾನವಾಗಿ ಕರಗುವ ಬಗೆಯೂ ಇದೆ (ಹೆಸರಿನ ಜೊತೆ ಎಸ್‌ಆರ್ ಅಥವಾ ಎಕ್ಸ್‌ಆರ್ ಅಂತ ಇರುತ್ತದೆ), ಅದು ಹೊಟ್ಟೆಗೆ ಅಷ್ಟು ತೊಂದರೆ ಕೊಡುವುದಿಲ್ಲ. ನೀವಾಗಿಯೇ ನಿಲ್ಲಿಸಬೇಡಿ. ಆದರೆ ನೀರೂ ನಿಲ್ಲದಷ್ಟು ವಾಂತಿಯಾದರೆ ಅವತ್ತೇ ಫೋನ್ ಮಾಡಿ, ಆಗ ಮಾತ್ರೆ ಸ್ವಲ್ಪ ದಿನ ಬಿಡಿ ಅಂತ ಅವರೇ ಹೇಳಬಹುದು.

ಮಂಡಿ ನೋವಿಗೆ ಮಾತ್ರೆ, ಕಬ್ಬಿಣದ ಮಾತ್ರೆ ಏನಾದರೂ ತಗೊಳ್ತಿದ್ದಾರಾ? ಅವುಗಳಿಂದಲೂ ಹೊಟ್ಟೆ ತೊಳಸುತ್ತದೆ. ಎಣ್ಣೆ ಪದಾರ್ಥ ತಿಂದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಪಿತ್ತಕೋಶದ ಕಲ್ಲು ಇರಬಹುದು, ಕಣ್ಣು ಹಳದಿಯಾಗಿದ್ದರೆ ಕಾಮಾಲೆ.

ಒಂದು ಮಾತು ಮಾತ್ರ ಮರೆಯಬೇಡಿ. ಶುಗರ್ ಇರುವವರಿಗೆ ಹೃದಯಾಘಾತ ಎದೆನೋವೇ ಇಲ್ಲದೆ ಬರಬಹುದು. ಇದ್ದಕ್ಕಿದ್ದಂತೆ ವಾಕರಿಕೆಯ ಜೊತೆ ತಣ್ಣನೆ ಬೆವರು, ಉಸಿರಾಡಲು ಕಷ್ಟ, ದವಡೆ ಅಥವಾ ತೋಳಿನಲ್ಲಿ ನೋವು ಕಂಡರೆ ಸುಮ್ನೆ ಸೋಡಾ ಕುಡಿಸುತ್ತಾ ಕೂರಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.