ಅಗ್ನಿವೀರನಿಗೆ 30,000 ಸಂಬಳ ಅಂದರು, ಖಾತೆಗೆ 21,000 ಯಾಕೆ ಬಂತು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು. ತಮ್ಮ ಅಗ್ನಿವೀರನಾಗಿ ಸೇನೆಗೆ ಸೇರಿ ಬೆಂಗಳೂರಿನಲ್ಲಿ ಟ್ರೇನಿಂಗ್‌ನಲ್ಲಿದ್ದಾನೆ. ನವೆಂಬರ್ 11ಕ್ಕೆ ಸೇರಿಸಿಕೊಂಡರು. ಆ ತಿಂಗಳ ಬಾಬ್ತು 14,000, ಡಿಸೆಂಬರ್‌ದು 21,000 ಬಂದಿದೆ. ತಿಂಗಳಿಗೆ 30,000 ಅಂದಿದ್ದರಲ್ಲ, ಮಿಕ್ಕಿದ್ದು ಎಲ್ಲಿ ಹೋಯ್ತು? ಅಪ್ಪ ಅವನ ಸಂಬಳ ನಂಬಿಕೊಂಡು ತಿಂಗಳಿಗೆ 20,000ದ ಚೀಟಿ ಹಾಕೋಕೆ ಹೊರಟಿದ್ದಾರೆ. ಹಾಕಬಹುದಾ?

ಉತ್ತರ:

ದುಡ್ಡು ಎಲ್ಲೂ ಹೋಗಿಲ್ಲ, ನೀವು ಹೇಳಿದ ಎರಡೂ ಮೊತ್ತ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಚೀಟಿ ಮಾತ್ರ ಬೇಡ ಅಂತ ಅಪ್ಪನಿಗೆ ಇವತ್ತೇ ಹೇಳಿ.

ಮೊದಲು ಡಿಸೆಂಬರ್ ತಗೊಳ್ಳಿ. ನಾಲ್ಕು ವರ್ಷದ ಅವಧಿಗೆ ಸೇನೆಗೆ ಸೇರೋ ಅಗ್ನಿವೀರನಿಗೆ ಮೊದಲ ವರ್ಷದ ಪ್ಯಾಕೇಜ್ ತಿಂಗಳಿಗೆ 30,000. ಅದರಲ್ಲಿ ಶೇ. 30, ಅಂದರೆ 9,000, ಸಂಬಳ ಖಾತೆಗೆ ಬರೋ ಮೊದಲೇ ಅವನ ಹೆಸರಲ್ಲಿ ಕೂಡಿಡೋ ಅಗ್ನಿವೀರ್ ಕಾರ್ಪಸ್ ಫಂಡ್‌ಗೆ ಹೋಗುತ್ತೆ. ಇದು ಕಡ್ಡಾಯ, ಬೇಡ ಅನ್ನೋ ಹಾಗಿಲ್ಲ, ಕಮ್ಮಿ ಮಾಡಿಸಿಕೊಳ್ಳೋ ಹಾಗೂ ಇಲ್ಲ. ಉಳಿದ 21,000 ಖಾತೆಗೆ. ನವೆಂಬರ್‌ನಲ್ಲಿ 11ರಿಂದ 30ರವರೆಗೆ ಇಪ್ಪತ್ತೇ ದಿನ. ದಿನಕ್ಕೆ ಸಾವಿರದಂತೆ 20,000 ಆಯ್ತು, ಅದರ ಶೇ. 30 ಅಂದರೆ 6,000 ಕಳೆದರೆ 14,000. ಟ್ರೇನಿಂಗ್ ಅವಧಿಯೂ ನಾಲ್ಕು ವರ್ಷದ ಸೇವೆಯ ಒಳಗೇ ಬರೋದರಿಂದ ಸಂಬಳ ಶುರುವಾಗೋದು ಎನ್‌ರೋಲ್ ಆದ ದಿನದಿಂದ, ಪಾಸಿಂಗ್ ಔಟ್ ಪೆರೇಡ್ ಮುಗಿದ ಮೇಲಲ್ಲ.

ಎರಡನೇ ವರ್ಷ ಪ್ಯಾಕೇಜ್ 33,000, ಕೈಗೆ 23,100. ಮೂರನೇ ವರ್ಷ 36,500, ಕೈಗೆ 25,550. ಕೆಲವು ಪಟ್ಟಿಗಳಲ್ಲಿ 25,580 ಅಂತ ಅಚ್ಚಾಗಿದೆ, ಆದರೆ ಶೇ. 70 ಲೆಕ್ಕ ಹಾಕಿದರೆ ಬರೋದು 25,550ವೇ. ಮೂವತ್ತು ರೂಪಾಯಿಗೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕನೇ ವರ್ಷ 40,000, ಕೈಗೆ 28,000. ಇಲ್ಲಿ ವರ್ಷ ಅಂದರೆ ಅವನ ಸೇವೆಯ ವರ್ಷ. ಜನವರಿಗೋ ಏಪ್ರಿಲ್‌ಗೋ ಏರುತ್ತೆ ಅಂತ ಕಾಯಬೇಡಿ. ನಿಮ್ಮ ತಮ್ಮನಿಗೆ ಏರೋದು ಮುಂದಿನ ನವೆಂಬರ್ 11ಕ್ಕೆ.

ಊರಲ್ಲಿ ಯಾರಾದರೂ ಹಳೇ ಜವಾನರು 'ನಮ್ಮ ಹುಡುಗನಿಗೆ ಇಷ್ಟು ಬರುತ್ತೆ' ಅಂತ ಹೇಳಿದರೆ ಅದನ್ನ ಇದಕ್ಕೆ ಹೋಲಿಸಬೇಡಿ. ರೆಗ್ಯುಲರ್ ಸಿಪಾಯಿಯ ಸಂಬಳದ ರಚನೆಯೇ ಬೇರೆ: ಏಳನೇ ವೇತನ ಆಯೋಗದ ಲೆಕ್ಕದಲ್ಲಿ 21,700 ಮೂಲ ವೇತನ, 5,200 ಮಿಲಿಟರಿ ಸರ್ವಿಸ್ ಪೇ, ಇವೆರಡರ ಮೇಲೂ ಡಿಎ (ತುಟ್ಟಿಭತ್ಯೆ). ಅಲ್ಲಿಂದ ಪ್ರಾವಿಡೆಂಟ್ ಫಂಡ್, ಆರ್ಮಿ ಗ್ರೂಪ್ ಇನ್ಶೂರೆನ್ಸ್ ಅಂತ ಕಡಿತ ಆಗುತ್ತೆ. ಅಗ್ನಿವೀರನಿಗೆ ಡಿಎ ಇಲ್ಲ, ಮಿಲಿಟರಿ ಸರ್ವಿಸ್ ಪೇ ಇಲ್ಲ, ಪಿಎಫ್ ಕಡಿತವೂ ಇಲ್ಲ. ಹಾಗಾಗಿ ಟಿವಿಯಲ್ಲಿ 'ಕೇಂದ್ರ ನೌಕರರಿಗೆ ಡಿಎ ಏರಿಕೆ' ಅಂತ ಬಂದರೆ ನಿಮ್ಮ ಮನೆ ಲೆಕ್ಕ ಏನೂ ಬದಲಾಗಲ್ಲ. 48 ಲಕ್ಷದ ಜೀವ ವಿಮೆ ಇದೆ, ಅದಕ್ಕೆ ಅವನ ಸಂಬಳದಿಂದ ಒಂದು ಪೈಸೆ ಕಂತು ಹಿಡಿಯಲ್ಲ. ಟ್ರೇನಿಂಗ್ ಮುಗಿದು ಗಡಿ ಕಡೆಗೋ ಎತ್ತರದ ಜಾಗಕ್ಕೋ ಪೋಸ್ಟಿಂಗ್ ಆದರೆ ರಿಸ್ಕ್ ಅಂಡ್ ಹಾರ್ಡ್‌ಶಿಪ್ ಭತ್ಯೆ ಪ್ಯಾಕೇಜ್ ಮೇಲೆ ಬೇರೆಯಾಗಿ ಬರುತ್ತೆ. ಆ ಜಾಗ ಬಿಟ್ಟ ತಿಂಗಳು ಅದೂ ನಿಲ್ಲುತ್ತೆ. ಅದನ್ನ ನಂಬಿ ಇಎಂಐ ಮಾಡಿಕೊಂಡವರು ಆ ಭತ್ಯೆ ಇಲ್ಲದ ಶಾಂತ ಪ್ರದೇಶದ ಪೀಸ್ ಸ್ಟೇಷನ್‌ಗೆ ಬಂದಾಗ ಒದ್ದಾಡೋದು ಮಾಮೂಲು.

ಆದಾಯ ತೆರಿಗೆಯ ಚಿಂತೆ ಈ ಸಂಬಳಕ್ಕೆ ಬೇಡ. ಫಂಡ್‌ಗೆ ಹೋಗೋ ಅವನ ಪಾಲಿಗೂ ಸರ್ಕಾರದ ಪಾಲಿಗೂ ತೆರಿಗೆ ವಿನಾಯ್ತಿ ಇದೆ. 2023ರ ಬಜೆಟ್‌ನಲ್ಲಿ ಇದಕ್ಕೆ ಅಂತಲೇ 80ಸಿಸಿಎಚ್ ಕಲಂ ಸೇರಿಸಿದರು, ಹೊಸ ತೆರಿಗೆ ಪದ್ಧತಿಯಲ್ಲಿ ಸರ್ಕಾರದ ಪಾಲಿಗೆ ಮಾತ್ರ ಸಿಗುತ್ತೆ. ನಾಲ್ಕು ವರ್ಷದ ಕೊನೆಗೆ ಈ ಫಂಡ್‌ನಿಂದ ಸಿಗೋ ಗಂಟಿಗೂ, ಅಂದರೆ ಸೇವಾನಿಧಿಗೂ, ತೆರಿಗೆ ಇಲ್ಲ.

ಈಗ ಆ 9,000ದ ಕಥೆ. ನಾಲ್ಕು ವರ್ಷದಲ್ಲಿ ಅವನ ಪಾಲು 1,08,000, 1,18,800, 1,31,400, 1,44,000 ಸೇರಿ ಒಟ್ಟು 5,02,200. ಅಷ್ಟೇ ಮೊತ್ತವನ್ನ ಸರ್ಕಾರವೂ ಹಾಕುತ್ತೆ. ಎರಡೂ ಸೇರಿ 10,04,400, ಅದರ ಮೇಲೆ ಬಡ್ಡಿ. ಇದು ನಾಲ್ಕು ವರ್ಷ ಮುಗಿಸಿ ಹೊರಬರುವಾಗ ಕೈಗೆ ಬರೋ ದುಡ್ಡು. ಪಿಂಚಣಿ, ಗ್ರಾಚ್ಯುಟಿ ಇಲ್ಲದ ಕಾರಣ ಇದೇ ಅವನ ಗಂಟು.

ಜನ ಎಡವೋದು ಇಲ್ಲೇ. ಈ ದುಡ್ಡು ಬ್ಯಾಂಕಿನಲ್ಲಿ ಇಲ್ಲ, ಸರ್ಕಾರದ ಪಬ್ಲಿಕ್ ಅಕೌಂಟ್‌ನಲ್ಲಿ ಇದೆ. ಪಿಎಫ್ ಥರ ಮಧ್ಯೆ ಅಡ್ವಾನ್ಸ್ ಎತ್ತೋಕೆ ಆಗಲ್ಲ, ಅಕ್ಕನ ಮದುವೆಗೆ ಅಂತಲೂ ಆಗಲ್ಲ. 'ಸೇವಾನಿಧಿ ಮೇಲೆ ಈಗಲೇ ದುಡ್ಡು ಬಿಡಿಸಿಕೊಡ್ತೀವಿ' ಅಂತ ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಅದು ಮೋಸವೇ. ತಾನಾಗೇ ಅರ್ಜಿ ಕೊಟ್ಟು, ಒಪ್ಪಿಗೆ ಸಿಕ್ಕಿ, ನಾಲ್ಕು ವರ್ಷದ ಮೊದಲೇ ಹೊರಬಂದರೆ ಅವನ ಪಾಲು, ಅದರ ಬಡ್ಡಿ ಮಾತ್ರ ಸಿಗುತ್ತೆ. ಸರ್ಕಾರದ ಪಾಲು ಬಿಟ್ಟುಹೋಯ್ತು. ನಾಲ್ಕು ವರ್ಷದ ಮೇಲೆ ರೆಗ್ಯುಲರ್ ಆಗಿ ಆಯ್ಕೆಯಾದವರಿಗೂ (ಒಂದು ಬ್ಯಾಚಿನಲ್ಲಿ ಹೆಚ್ಚೆಂದರೆ ಶೇ. 25 ಜನ) ತಮ್ಮ ಪಾಲು ಮತ್ತು ಬಡ್ಡಿಯಷ್ಟೇ. ಅವರಿಗೆ ಮುಂದೆ ಕೆಲಸ, ಪಿಂಚಣಿ ಇರೋದರಿಂದ ಅದೇನೂ ನಷ್ಟ ಅಲ್ಲ. ಆದರೆ 'ಹೇಗಿದ್ದರೂ ಹತ್ತು ಲಕ್ಷ ಬರುತ್ತೆ' ಅಂತ ಈಗಲೇ ಸೈಟಿಗೆ ಅಡ್ವಾನ್ಸ್ ಕೊಡೋರಿಗೆ ಈ ಎರಡು ಸಾಲು ಓದಿ ಹೇಳಬೇಕು.

ಖಾತೆಗೆ ಬಂದ 21,000ವೂ ಪೂರ್ತಿ ಮನೆಗೆ ಬರಲ್ಲ. ಊಟ, ವಸತಿ, ಯೂನಿಫಾರಂ, ಚಿಕಿತ್ಸೆ ಸೇನೆಯದೇ. ಆದರೂ ಟ್ರೇನಿಂಗ್ ಸೆಂಟರ್‌ನಲ್ಲಿ ಕ್ಷೌರ, ದೋಬಿ, ಬೂಟ್ ಪಾಲಿಶ್, ಬ್ರಷ್, ಟ್ರಂಕಿಗೆ ಬೀಗ, ಹೆಚ್ಚುವರಿ ಬನಿಯನ್ ಸಾಕ್ಸು, ಸೋಪು, ಕ್ಯಾಂಟೀನ್ ಅಂತ ಖರ್ಚು ಇದ್ದೇ ಇರುತ್ತೆ. ಮೊದಲ ಎರಡು ಮೂರು ತಿಂಗಳು ಇದು ಜಾಸ್ತಿ, ಆಮೇಲೆ ಇಳಿಯುತ್ತೆ. ಕೊಟ್ಟ ಕಿಟ್‌ನಲ್ಲಿ ಏನಾದರೂ ಕಳೆದರೆ ಅದರ ಬೆಲೆ ವಸೂಲಿ ಮಾಡ್ತಾರೆ. ರಜೆಗೆ ಬಂದವನನ್ನ 'ಮಾರಿಹಬ್ಬ ಮುಗಿಸಿಕೊಂಡು ಹೋಗಪ್ಪ, ಎರಡು ದಿನ ತಾನೇ' ಅಂತ ದಯವಿಟ್ಟು ತಡೆಯಬೇಡಿ. ಅನುಮತಿ ಇಲ್ಲದೆ ಗೈರಾದ ದಿನಗಳ ಸಂಬಳ ಹೋಗೋದು ಒಂದು ಕಡೆ, ಶಿಸ್ತು ಕ್ರಮ ಇನ್ನೊಂದು ಕಡೆ. ಮುಂದೆ ರೆಗ್ಯುಲರ್ ಆಯ್ಕೆಯ ಹೊತ್ತಿಗೆ ಆ ದಾಖಲೆ ಎದುರಿಗೆ ಬರುತ್ತೆ.

ಪಾಸ್‌ಬುಕ್‌ನಲ್ಲಿ ಮೇ ಕೊನೆಯ ಹೊತ್ತಿಗೆ 436 ರೂಪಾಯಿ, 20 ರೂಪಾಯಿ ಕಡಿತ ಕಂಡರೆ ಅದು ಸೇನೆ ಹಿಡಿದದ್ದಲ್ಲ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ, ಸುರಕ್ಷಾ ಬಿಮಾ ಯೋಜನೆಗಳ ವರ್ಷದ ಕಂತು, ಖಾತೆ ತೆರೆಯುವಾಗ ಫಾರಂನಲ್ಲಿ ಸಹಿ ಹಾಕಿರ್ತಾರೆ.

ನಿಮಗೆ ಸಂಬಳ ಸರಿಯಾಗಿ ಬಂದಿದೆ, ಅದೃಷ್ಟ. ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಮೊದಲ ಸಂಬಳ ಸಿಕ್ಕಿಹಾಕಿಕೊಳ್ಳೋದು ಬ್ಯಾಂಕ್ ಖಾತೆಯ ತೊಡಕಿನಿಂದ. ಸೇರಿದ ಮೇಲೆ ಆ ವಿವರ ಸೇನೆಯ ದಾಖಲೆ ಆದೇಶವಾದ ಪಾರ್ಟ್ ಟೂ ಆರ್ಡರ್‌ನಲ್ಲಿ ಹೊರಟು, ಪೇ ಅಕೌಂಟ್ಸ್ ಆಫೀಸಿಗೆ ತಲುಪಿ, ಅವನ ಹೆಸರಲ್ಲಿ ಲೆಡ್ಜರ್ ತೆರೆದ ಮೇಲೆ ಸಂಬಳ ಬಿಡುಗಡೆ ಆಗೋದು. ಅಲ್ಲಿ ಹೆಸರು, ಖಾತೆ ಸಂಖ್ಯೆ, ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿ ಯಾವುದು ತಾಳೆ ಆಗದಿದ್ದರೂ ದುಡ್ಡು ವಾಪಸ್ ಹೋಗುತ್ತೆ, ಇಲ್ಲವೇ ನಿಂತಲ್ಲೇ ನಿಲ್ಲುತ್ತೆ. ಮನೆಯಲ್ಲಿ ಇನ್ನೊಬ್ಬ ಹುಡುಗ ಸೇನಾ ಭರ್ತಿ ರ‍್ಯಾಲಿಗೆ ತಯಾರಾಗುತ್ತಿದ್ದರೆ ಇವನ್ನ ಈಗಲೇ ನೋಡಿಕೊಳ್ಳಿ.

ಹಳೇ ಪಾಸ್‌ಬುಕ್ ಕೊಡಬೇಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್‌ಬಿಐಗೆ ಸೇರಿತು. ಎಸ್‌ಬಿಎಂವೈ ಅಂತ ಶುರುವಾಗೋ ಕೋಡ್ ಸತ್ತು ವರ್ಷಗಳಾದವು. ಮಂಡ್ಯ, ಮೈಸೂರು ಹಳ್ಳಿಗಳಲ್ಲಿ ಬಹಳ ಜನರ ಖಾತೆ ಇದ್ದ ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನಲ್ಲಿ ವಿಲೀನ ಆಯ್ತು, 2025ರಲ್ಲಿ ಅದೂ ಇನ್ನೊಂದು ಗ್ರಾಮೀಣ ಬ್ಯಾಂಕಿನ ಜೊತೆ ಸೇರಿತು. ವಿಜಯಾ, ಸಿಂಡಿಕೇಟ್ ಖಾತೆಗಳದೂ ಇದೇ ಪಾಡು. ಶಾಖೆಗೆ ಹೋಗಿ ಈಗಿನ ಐಎಫ್‌ಎಸ್‌ಸಿ ಅಚ್ಚಾದ ಹೊಸ ಪಾಸ್‌ಬುಕ್ ಅಥವಾ ಹೆಸರು ಮುದ್ರಿತವಾದ ಚೆಕ್ ಹಾಳೆ ಪಡೆಯಿರಿ.

ಇನ್ನೊಂದು ತೊಡಕು ನಮ್ಮ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ.ಎಂ.', ಆಧಾರ್‌ನಲ್ಲಿ 'ಮಂಜುನಾಥ್' ಅಷ್ಟೇ, ಪ್ಯಾನ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದ ಮೂರು ಪದದ ಹೆಸರು. ಮನುಷ್ಯ ಒಬ್ಬನೇ ಅಂತ ನಮಗೆ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಸೇನೆ ಹಿಡಿಯೋದು ಅಂಕಪಟ್ಟಿಯ ಹೆಸರನ್ನ. ಆಧಾರ್, ಪ್ಯಾನ್, ಬ್ಯಾಂಕ್ ಮೂರನ್ನೂ ಅದಕ್ಕೆ ಹೊಂದಿಸಿ, ಮೊದಲು ಆಧಾರ್, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕ್.

ಹದಿನೇಳೂವರೆಗೇ ಸೇರುವವರ ಖಾತೆ ಮೈನರ್ ಖಾತೆ ಆಗಿರುತ್ತೆ. ಹದಿನೆಂಟು ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ಮೇಜರ್ ಖಾತೆ ಮಾಡಿಸದಿದ್ದರೆ ಬ್ಯಾಂಕ್ ವ್ಯವಹಾರ ತಡೆಹಿಡಿಯುತ್ತೆ. ಹುಡುಗ ಟ್ರೇನಿಂಗ್‌ನಲ್ಲಿ, ಖಾತೆ ಊರಲ್ಲಿ. ಇದಕ್ಕೆ ಒಳ್ಳೆ ಪರಿಹಾರ ಅಂದರೆ ಸೇರಿದ ಕಡೆಯಲ್ಲೇ ಸೇನೆಯವರಿಗಾಗಿ ಬ್ಯಾಂಕುಗಳು ಕೊಡೋ ಡಿಫೆನ್ಸ್ ಸ್ಯಾಲರಿ ಪ್ಯಾಕೇಜ್ ಖಾತೆ ತೆರೆಯೋದು. ಮಿನಿಮಮ್ ಬ್ಯಾಲೆನ್ಸ್ ಬೇಕಿಲ್ಲ, ಅಪಘಾತ ವಿಮೆಯೂ ಜೊತೆಗೆ ಬರುತ್ತೆ. ಹಳೇ ಖಾತೆಯನ್ನೇ ಪ್ಯಾಕೇಜ್‌ಗೆ ಬದಲಾಯಿಸಲೂಬಹುದು, ಅದಕ್ಕೆ ಅವನೇ ಅರ್ಜಿ ಕೊಡಬೇಕು. ನಾಮಿನಿ ಹೆಸರು ಬರೆಸಿದ್ದಾನಾ ಅಂತಲೂ ಕೇಳಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಅಪ್ಪನದಾಗಿದ್ದರೆ ಒಟಿಪಿ ಬರೋದು ಮದ್ದೂರಿಗೆ, ಬೇಕಾಗಿರೋದು ಬೆಂಗಳೂರಲ್ಲಿ. ಅವನ ನಂಬರ್‌ಗೆ ಬದಲಾಯಿಸಿ.

ಟ್ರೇನಿಂಗ್‌ನಲ್ಲಿ ಫೋನ್ ಯಾವಾಗಲೂ ಕೈಗೆ ಸಿಗಲ್ಲ, ಹಾಗಾಗಿ ಪ್ರತಿ ತಿಂಗಳು ಫೋನ್‌ಪೇ ಮಾಡ್ತಾನೆ ಅಂತ ಕೂರಬೇಡಿ. ಅಮ್ಮನ ಖಾತೆಗೆ ತಿಂಗಳಿಗೆ ಇಂತಿಷ್ಟು ತಾನಾಗೇ ಹೋಗೋ ಹಾಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿಸಿ. ದಿನಾಂಕ ಒಂದನೇ ತಾರೀಖು ಇಡದೆ ಐದೋ ಏಳೋ ಇಡಿ. ಸಂಬಳ ಒಂದು ದಿನ ತಡವಾದರೂ ವರ್ಗಾವಣೆ ಫೇಲ್ ಆಗಲ್ಲ.

ಪೇ ಸ್ಲಿಪ್ ನೋಡೋದು ಕಷ್ಟ ಅಲ್ಲ. ಒಂದು ಕಡೆ ಜಮೆ, ಇನ್ನೊಂದು ಕಡೆ ಕಡಿತ. ಜಮೆಯಲ್ಲಿ ಪ್ಯಾಕೇಜ್ ಮೊತ್ತ ಆ ವರ್ಷದ್ದೇ ಇದೆಯಾ, ಕಡಿತದಲ್ಲಿ ಕಾರ್ಪಸ್ ಸರಿಯಾಗಿ ಶೇ. 30 ಇದೆಯಾ, ಕೊನೆಯ ಮೊತ್ತ ಪಾಸ್‌ಬುಕ್‌ಗೆ ತಾಳೆ ಆಗುತ್ತಾ, ಇಷ್ಟು ಸಾಕು. ಡೆಬಿಟ್ ಬ್ಯಾಲೆನ್ಸ್ ಅಂತ ಏನಾದರೂ ಇದ್ದರೆ ಹಿಂದೆ ಹೆಚ್ಚಿಗೆ ಕೊಟ್ಟದ್ದನ್ನ ಮುಂದಿನ ತಿಂಗಳುಗಳಲ್ಲಿ ಹಿಡಿದುಕೊಳ್ತಾರೆ ಅಂತ ಅರ್ಥ, ಆ ದುಡ್ಡು ಖರ್ಚು ಮಾಡದೆ ಇಟ್ಟುಕೊಂಡಿರಬೇಕು. ಸೇನೆಯವರು ಸ್ಲಿಪ್ ನೋಡೋ ಹಮ್‌ರಾಜ್ ಆ್ಯಪ್ ಅವನಿಗಾಗಿ ಇರೋದು, ಪಾಸ್‌ವರ್ಡ್ ಕೇಳಿಸಿಕೊಂಡು ಮನೆಯಲ್ಲಿ ಹಾಕಿಕೊಳ್ಳಬೇಡಿ. ಅವನು ಮೊತ್ತ ಓದಿ ಹೇಳಿದರೆ ಸಾಕು.

ಇನ್ನು ಚೀಟಿ. 21,000 ಬರೋ ಹುಡುಗನ ಮೇಲೆ 20,000ದ ಕಂತು ಹೊರಿಸಿದರೆ ಅವನು ಅಲ್ಲಿ ಪಕ್ಕದ ಹುಡುಗರ ಹತ್ತಿರ ಕೈಸಾಲ ಮಾಡ್ತಾನೆ. ನನ್ನ ಅಂದಾಜಿನಲ್ಲಿ ಮೊದಲ ವರ್ಷ ಮನೆಗೆ ನೆಮ್ಮದಿಯಾಗಿ ಬರಬಹುದಾದದ್ದು 12,000ದಿಂದ 14,000. ಅದರಲ್ಲೂ ಮೊದಲ ಮೂರು ತಿಂಗಳು ಲೆಕ್ಕಕ್ಕೇ ಹಿಡಿಯಬೇಡಿ. ಚೀಟಿ ಹಾಕಲೇಬೇಕು ಅಂತ ಅಪ್ಪ ಪಟ್ಟು ಹಿಡಿದರೆ 5,000ದ್ದು ಹಾಕಲಿ, ಅದೂ ನೋಂದಾಯಿತ ಚಿಟ್ ಕಂಪನಿಯಲ್ಲಿ, ನಾಲ್ಕು ವರ್ಷದ ಒಳಗೆ ಮುಗಿಯುವಂಥದ್ದು. ನಾಲ್ಕು ವರ್ಷ ದಾಟೋ ಯಾವ ಇಎಂಐಯನ್ನೂ ಈ ಸಂಬಳದ ಮೇಲೆ ಕಟ್ಟಬೇಡಿ.

ಮುಂದೆ ಯಾವ ತಿಂಗಳಾದರೂ ಕಮ್ಮಿ ಬಂದರೆ ನೀವು ಪೇ ಆಫೀಸಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ, ಮನೆಯವರಿಗೆ ಅವರು ಲೆಕ್ಕ ಹೇಳಲ್ಲ. ಅವನೇ ತನ್ನ ಕಂಪನಿಯ (ಸೇನಾ ತುಕಡಿಯ) ಕ್ಲರ್ಕ್‌ಗೆ ಹೇಳಬೇಕು, ಆಗದಿದ್ದರೆ ಕಂಪನಿ ಕಮಾಂಡರ್ ಮುಂದೆ ಖುದ್ದಾಗಿ ಹೇಳಿಕೊಳ್ಳೋಕೆ ಇಂಟರ್‌ವ್ಯೂ ಕೇಳಬೇಕು. ಹೋಗುವಾಗ ಆರ್ಮಿ ನಂಬರ್, ಎನ್‌ರೋಲ್ ಆದ ದಿನಾಂಕ, ಪಾಸ್‌ಬುಕ್‌ನ ಆ ತಿಂಗಳ ಸಾಲು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಲಿ. ಬ್ಯಾಂಕ್ ಕಡೆಯ ತೊಡಕು ಅಂತ ಗೊತ್ತಾದರೆ ಮಾತ್ರ ನೀವು ಮದ್ದೂರಿನ ಶಾಖೆಗೆ ಓಡಾಡೋದು.