ಚಕ್ರದ ಮೇಲಿನ ಮನೆ ಕೊಳ್ಳುವ ಮುಂಚೆ ಜಾಗ ನೋಡಿ

ನಿಮ್ಮ ಮೆಸೇಜ್ ಓದಿದೆ. "ಅಕ್ಕಾ, ಅಮೆರಿಕದ ಆರೆಗಾನ್ ರಾಜ್ಯದ ಈ ಹಿಲ್ಸ್‌ಬರೋದಲ್ಲಿ ಬಾಡಿಗೆಗೇ ಸಂಬಳದ ದೊಡ್ಡ ಪಾಲು ಹೋಗುತ್ತಿದೆ. 24 ಅಡಿ ಉದ್ದದ ಹಳೇ ಟೈನಿ ಹೌಸ್ ಒಂದು 55 ಸಾವಿರ ಡಾಲರಿಗೆ ಸಿಗ್ತಿದೆ. ಚಕ್ರ ಇದೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದಲ್ವಾ? ಇಬ್ಬರಿಗೂ ಮನೆಯಿಂದಲೇ ಕೆಲಸ. ನಾಲ್ಕು ಊರು ನೋಡಿಕೊಂಡು ಇರೋಣ ಅಂತ ನಮ್ಮವರ ಆಸೆ. ತಗೊಳ್ಳಲಾ?" ಅಂತ ಕೇಳಿದ್ದೀರಿ.

ತಗೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಈಗಲೇ ಅಡ್ವಾನ್ಸ್ ಕೊಡಬೇಡಿ. ಇಲ್ಲಿ ಟೈನಿ ಹೌಸ್ ತಗೊಂಡು ಕಷ್ಟಪಟ್ಟವರಲ್ಲಿ ಬಹಳಷ್ಟು ಜನ ಮೊದಲು ಮನೆ ತಗೊಂಡು ಆಮೇಲೆ ಜಾಗ ಹುಡುಕಿದವರು. ನೀವು ಮೊದಲು ಜಾಗ ಗಟ್ಟಿ ಮಾಡಿಕೊಳ್ಳಿ. ಆ ಜಾಗಕ್ಕೆ ಎಂಥ ಮನೆ ನಡೆಯುತ್ತದೋ ಅಂಥದ್ದನ್ನೇ ಕೊಳ್ಳಿ. ನಾವು ಪೋರ್ಟ್‌ಲ್ಯಾಂಡ್ ಊರೊಳಗೇ ಇದ್ದೇವೆ. ನಮ್ಮ ಹಿತ್ತಲಲ್ಲಿ ಶಾಲೆಯ ಟೀಚರ್ ಒಬ್ಬರು ಇಂಥದ್ದೇ ಮನೆ ನಿಲ್ಲಿಸಿಕೊಂಡು ನಮಗೆ ಜಾಗದ ಬಾಡಿಗೆ ಕೊಡುತ್ತಾರೆ. ಹಾಗಾಗಿ ಇದರ ಎರಡೂ ಕಡೆ ನನಗೆ ಗೊತ್ತು.

ಮೊದಲು ನೀವು ನೋಡಿದ ಮನೆ ಕಾನೂನಿನ ಕಣ್ಣಲ್ಲಿ ಮನೆಯೋ ವಾಹನವೋ ಅಂತ ತಿಳಿದುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. 24 ಅಡಿ ಉದ್ದ, 8.5 ಅಡಿ ಅಗಲ ಅಂದರೆ ಸುಮಾರು 204 ಚದರ ಅಡಿ. ಬೆಂಗಳೂರಿನ 20-30 ಸೈಟಿನ ಮೂರನೇ ಒಂದು ಪಾಲು. ಅಡಿಪಾಯದ ಮೇಲೆ ಕಟ್ಟುವ ಸಣ್ಣ ಮನೆಗಳಿಗೆ ಇಲ್ಲಿ ಬೇರೆ ನಿಯಮ ಇದೆ. ಐಆರ್‌ಸಿ ಅನ್ನುವ ಮಾದರಿ ಕಟ್ಟಡ ನಿಯಮಗಳ 2018ರ ಆವೃತ್ತಿಯಲ್ಲಿ ಅಪೆಂಡಿಕ್ಸ್ ಕ್ಯೂ ಅಂತ ಒಂದು ಭಾಗ ಸೇರಿತು. ಅದರಲ್ಲಿ ಟೈನಿ ಹೌಸ್ ಅಂದರೆ ಲಾಫ್ಟ್ (ಮೇಲಿನ ಅಟ್ಟ) ಬಿಟ್ಟು 400 ಚದರ ಅಡಿ ಮೀರದ ಮನೆ. ವಾಸದ ಜಾಗದ ಸೂರಿನ ಎತ್ತರ 6 ಅಡಿ 8 ಇಂಚಾದರೂ ಇರಬೇಕು, ಲಾಫ್ಟ್ 35 ಚದರ ಅಡಿಯಾದರೂ ಇರಬೇಕು ಅಂತೆಲ್ಲ ಇದೆ. ಇದು ಮಾದರಿ ಮಾತ್ರ. ಆಯಾ ರಾಜ್ಯವೋ ಊರೋ ಒಪ್ಪಿಕೊಂಡರೆ ಮಾತ್ರ ಅಲ್ಲಿ ಜಾರಿಗೆ ಬರುತ್ತದೆ. ಚಕ್ರದ ಮೇಲಿನ ನಿಮ್ಮ ಮನೆಗೆ ಇದರಿಂದ ನೇರವಾಗಿ ಉಪಯೋಗ ಇಲ್ಲ.

ಚಾಸಿ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ ಮೇಲೆ ಫ್ಯಾಕ್ಟರಿಯಲ್ಲಿ ಕಟ್ಟುವ ದೊಡ್ಡ ಮನೆಗಳಿಗೆ 1976ರ ಜೂನ್‌ನಿಂದ ಹಡ್ ಕೋಡ್ ಅನ್ನುವ ಕೇಂದ್ರ ಸರ್ಕಾರದ ನಿಯಮ ಇದೆ. ಅದು ಸಾಮಾನ್ಯವಾಗಿ, ನಿಂತ ಜಾಗದಲ್ಲಿ 320 ಚದರ ಅಡಿಯೋ ಅದಕ್ಕಿಂತ ದೊಡ್ಡದೋ ಆದ ಮನೆಗಳಿಗೆ ಅನ್ವಯಿಸುತ್ತದೆ. 24 ಅಡಿಯ ಮನೆಗಳು ಸಾಮಾನ್ಯವಾಗಿ ಆರ್‌ವಿ ಲೆಕ್ಕಕ್ಕೆ ಬರುತ್ತವೆ. ಅಂದರೆ ಪ್ರವಾಸಕ್ಕೆ ಎಳೆದುಕೊಂಡು ಹೋಗುವ ಗಾಡಿ. ಬಹಳ ಊರುಗಳಲ್ಲಿ ಆರ್‌ವಿಯನ್ನು ಮನೆ ಮುಂದೆ ನಿಲ್ಲಿಸಬಹುದು, ಅದರೊಳಗೆ ಕಾಯಂ ವಾಸ ಮಾಡುವ ಹಾಗಿಲ್ಲ. ನಿಲ್ಲಿಸುವುದು ಬೇರೆ, ವಾಸ ಮಾಡುವುದು ಬೇರೆ. ಮಾರುವವರು "ಪಾರ್ಕಿಂಗ್‌ಗೆ ತೊಂದರೆ ಇಲ್ಲ" ಅಂದಾಗ ಅವರು ಮೊದಲನೆಯದನ್ನು ಮಾತ್ರ ಹೇಳುತ್ತಿರುತ್ತಾರೆ.

ಆ ಮನೆಯ ಬಾಗಿಲ ಹತ್ತಿರ ಆರ್‌ವಿಐಎ ಮುದ್ರೆಯ ಪ್ಲೇಟ್ ಇದೆಯಾ ನೋಡಿ. ಇದು ಆರ್‌ವಿ ತಯಾರಕರ ಸಂಘದ ಮುದ್ರೆ. ಯಾರೋ ತಾವೇ ಕಟ್ಟಿಕೊಂಡ ಮನೆಗೆ ಇದು ಇರುವುದಿಲ್ಲ. ಕೆಲಸ ಎಷ್ಟೇ ಚೆನ್ನಾಗಿರಲಿ, ಮುದ್ರೆ ಇಲ್ಲದಿದ್ದರೆ ಸಾಲ, ಇನ್ಶೂರೆನ್ಸ್, ಪಾರ್ಕಲ್ಲಿ ಜಾಗ ಮೂರಕ್ಕೂ ಪರದಾಡಬೇಕು. ಅಷ್ಟು ಕಡಿಮೆಗೆ ಯಾಕೆ ಕೊಡುತ್ತಿದ್ದಾರೆ ಅನ್ನುವುದಕ್ಕೆ ಒಂದೊಂದು ಸಲ ಇದೇ ಉತ್ತರ ಆಗಿರುತ್ತದೆ.

ಈಗ ಜಾಗದ ವಿಷಯ. ಯಾವ ಜಾಗದಲ್ಲಿ ಏನು ಇರಬೇಕು ಅನ್ನುವ ಜೋನಿಂಗ್ ನಿಯಮ ಇಲ್ಲಿ ಊರೂರಿಗೆ ಬೇರೆ. ಊರ ಗಡಿಯ ಒಳಗೆ ಸಿಟಿ ಹೇಳಿದ್ದು ನಡೆಯುತ್ತದೆ, ಹೊರಗೆ ಕೌಂಟಿ (ನಮ್ಮ ಜಿಲ್ಲೆಯ ಥರ) ಹೇಳಿದ್ದು. ಪೋರ್ಟ್‌ಲ್ಯಾಂಡ್ ಈ ವಿಷಯದಲ್ಲಿ ದೊಡ್ಡ ಮನಸ್ಸು ಮಾಡಿದೆ. 2017ರಲ್ಲಿ ಖಾಸಗಿ ಜಾಗದಲ್ಲಿ ನಿಂತ ಟೈನಿ ಹೌಸ್‌ಗಳ ಮೇಲೆ ಕ್ರಮ ತಗೊಳ್ಳುವುದನ್ನು ಬಿಟ್ಟರು. 2021ರಲ್ಲಿ ಅದನ್ನು ಕಾನೂನೇ ಮಾಡಿದರು. ಮನೆ ಇರುವ ಸೈಟಿನಲ್ಲಿ ಇಂಥ ಒಂದು ಗಾಡಿಮನೆ ಇಟ್ಟುಕೊಂಡು ಅದರಲ್ಲಿ ಜನ ಕಾಯಂ ವಾಸ ಮಾಡಬಹುದು. ಮನೆಗಳಿಲ್ಲದೆ ಜನ ಬೀದಿಯಲ್ಲಿ ಮಲಗುವ ಪರಿಸ್ಥಿತಿ ಬಂದಾಗ ಮಾಡಿದ ಬದಲಾವಣೆ ಇದು. ನನಗಂತೂ ನಮ್ಮ ಊರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಅನ್ನಿಸುತ್ತದೆ.

ಹಾಗಂತ ಸುಮ್ನೆ ತಂದು ನಿಲ್ಲಿಸಿದರೆ ಆಗಲಿಲ್ಲ. ಒಳಗೆ ಬಚ್ಚಲು, ಸಿಂಕು ಇದ್ದರೆ ಆ ನೀರು ಊರಿನ ಚರಂಡಿ ಪೈಪಿಗೇ ಸೇರಬೇಕು. ಗಿಡದ ಬುಡಕ್ಕೆ ಬಿಡುವ ಹಾಗಿಲ್ಲ. ನಮ್ಮ ಹಿತ್ತಲಲ್ಲಿ ಪ್ಲಂಬರ್ ಕರೆಸಿ, ಪರ್ಮಿಟ್ ತಗೊಂಡು, ಮನೆಯ ಸ್ಯೂಯರ್ ಲೈನಿನಿಂದ ಹಿಂದಿನವರೆಗೆ ಪೈಪ್ ಎಳೆಸಿದೆವು. ಕರೆಂಟಿಗೆ 50 ಆಂಪಿನ ಬೇರೆ ಲೈನ್ ಹಾಕಿಸಿದೆವು, ಅದಕ್ಕೂ ಪರ್ಮಿಟ್. ನೆಲ ಅಗೆಯುವ ಖರ್ಚೇ ಜಾಸ್ತಿ. ಪೈಪ್ ಎಷ್ಟು ದೂರ ಎಳೆಯಬೇಕೋ ಅಷ್ಟು ದುಡ್ಡು. ಹಿತ್ತಲು ಕೊಡುವ ಮಾಲೀಕರು ಸಿಕ್ಕರೆ ಈ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿ, ಬರೆಸಿಕೊಳ್ಳಿ. ಬಿಡಿಸುವುದಾದರೆ ಎಷ್ಟು ತಿಂಗಳ ಮುಂಚೆ ಹೇಳಬೇಕು ಅನ್ನುವುದೂ ಅದರಲ್ಲಿ ಇರಲಿ. ಪಕ್ಕದ ಸಂದಿಯಿಂದ ಮನೆ ಒಳಗೆ ಹೋಗುತ್ತದಾ ಅಂತ ಟೇಪ್ ಹಿಡಿದೇ ನೋಡಿ. 8.5 ಅಡಿ ಅಗಲದ ಮನೆಗೆ ಅಷ್ಟೇ ಅಗಲದ ದಾರಿ ಸಾಲದು. ತಿರುಗಿಸುವುದಕ್ಕೆ, ಮೇಲಿನ ಕೊಂಬೆಗೆ, ವೈರಿಗೆ ತಗಲದಂತೆ ಹೋಗುವುದಕ್ಕೆ ಇನ್ನೂ ಜಾಗ ಬೇಕು.

ಒಂದು ಮಾತು ನೆನಪಿಡಿ. ನಾನು ಹೇಳಿದ್ದೆಲ್ಲ ಪೋರ್ಟ್‌ಲ್ಯಾಂಡ್ ಗಡಿಯ ಒಳಗಿನ ಮಾತು. ಹಿಲ್ಸ್‌ಬರೋ, ಬೀವರ್ಟನ್, ಟೈಗರ್ಡ್ ಎಲ್ಲ ಬೇರೆ ಬೇರೆ ಸಿಟಿಗಳು. ವಿಳಾಸದಲ್ಲಿ ಪೋರ್ಟ್‌ಲ್ಯಾಂಡ್ ಅಂತ ಬರೆದಿದ್ದರೂ ಜಾಗ ಕೌಂಟಿಗೆ ಸೇರಿರುವುದುಂಟು. ಸಿಟಿ ಒಪ್ಪಿದರೂ ಬಡಾವಣೆಯ ಮನೆ ಮಾಲೀಕರ ಸಂಘ, ಅಂದರೆ ಎಚ್‌ಒಎ, ತನ್ನ ಕರಾರಿನಲ್ಲಿ ಗಾಡಿಮನೆ ಬೇಡ ಅಂದಿರಬಹುದು. ಎರಡನ್ನೂ ಕೇಳಬೇಕು.

ನಿಮ್ಮವರು "ಊರ ಹೊರಗೆ ಅಗ್ಗಕ್ಕೆ ಎರಡೆಕರೆ ತಗೊಂಡು ಇಟ್ಟರಾಯಿತು" ಅಂದಿದ್ದಾರಂತೆ. ದಯವಿಟ್ಟು ಬೇಡ. ಊರಲ್ಲಿ ಡಿಸಿ ಕನ್ವರ್ಷನ್ ಆಗದ ರೆವಿನ್ಯೂ ಜಮೀನಿನಲ್ಲಿ ಸೈಟ್ ತಗೊಂಡವರ ಪಾಡು ನೋಡಿದ್ದೀರಲ್ಲ, ಇಲ್ಲಿ ಆರೆಗಾನ್‌ನಲ್ಲಿ ಅದಕ್ಕಿಂತ ಬಿಗಿ. 1973ರಲ್ಲಿ ಸೆನೆಟ್ ಬಿಲ್ 100 ಅಂತ ಒಂದು ಕಾನೂನು ಬಂತು. ಅದರ ನಂತರ ಪ್ರತಿ ಊರಿಗೂ ಇಲ್ಲಿಯವರೆಗೆ ಮಾತ್ರ ಬೆಳೆಯಬಹುದು ಅಂತ ಒಂದು ಗೆರೆ ಹಾಕಿದರು. ಗೆರೆಯ ಆಚೆ ಕೃಷಿಗೇ ಮೀಸಲಾದ ಜೋನ್‌ಗಳಿವೆ. ಅಲ್ಲಿ ಹೊಸದಾಗಿ ಜಮೀನು ತುಂಡು ಮಾಡಬೇಕಾದರೆ ಸಾಮಾನ್ಯವಾಗಿ 80 ಎಕರೆ ಇರಬೇಕು. ಎರಡೆಕರೆ ತಗೊಂಡು ಗಾಡಿಮನೆ ಇಟ್ಟು ಇರುತ್ತೇವೆ ಅಂದರೆ ಯಾರೂ ಒಪ್ಪುವುದಿಲ್ಲ. ಹಿಲ್ಸ್‌ಬರೋ ದಾಟಿದ ತಕ್ಷಣ ಹೊಲ, ದ್ರಾಕ್ಷಿ ತೋಟ ಉಳಿದಿರುವುದು ಇದೇ ಕಾನೂನಿನಿಂದ. ಅದಕ್ಕೆ ನನಗೆ ಈ ನಿಯಮದ ಮೇಲೆ ಗೌರವ ಇದೆ. 2023ರಲ್ಲಿ ರಾಜ್ಯ ಸ್ವಲ್ಪ ಸಡಿಲ ಮಾಡಿತು. ಹಳ್ಳಿಯ ಕಡೆಯ ವಾಸದ ಜೋನ್‌ನಲ್ಲಿ, ಮಾಲೀಕರು ಇರುವ ಮನೆಯ ಜೊತೆಗೆ ಒಂದು ಆರ್‌ವಿ ಬಾಡಿಗೆಗೆ ಇಡಲು ಕೌಂಟಿಗಳು ಬೇಕಿದ್ದರೆ ಅನುಮತಿ ಕೊಡಬಹುದು. ಕೌಂಟಿ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಯಾರು ಬಂದು ನೋಡುತ್ತಾರೆ" ಅನ್ನುವವರೂ ಸಿಗುತ್ತಾರೆ. ನಿಜ, ಅಧಿಕಾರಿಗಳು ಬೀದಿ ಬೀದಿ ಸುತ್ತುವುದಿಲ್ಲ. ಆದರೆ ಪಕ್ಕದವರು ಒಂದು ದೂರು ಕೊಟ್ಟರೆ ಸಾಕು. ನಮಗೆ ಗೊತ್ತಿರುವ ದಂಪತಿ ಸ್ನೇಹಿತರ ಜಮೀನಿನಲ್ಲಿ ಹೀಗೆ ಇದ್ದರು. ದೂರು ಹೋಯಿತು, ನೋಟಿಸ್ ಬಂತು, ಕೆಲವೇ ವಾರಗಳಲ್ಲಿ ಮನೆ ಎತ್ತಬೇಕಾಯಿತು. ಬೇರೆ ಕಡೆ ಜಾಗ ಸಿಗದೆ ಮನೆಯನ್ನು ಸ್ಟೋರೇಜ್ ಯಾರ್ಡಿನಲ್ಲಿ ಇಟ್ಟು, ತಾವು ಮತ್ತೆ ಅಪಾರ್ಟ್‌ಮೆಂಟಿಗೆ ಹೋದರು. ಎರಡು ಕಡೆ ಬಾಡಿಗೆ.

ಹಿತ್ತಲು ಸಿಗದಿದ್ದರೆ ಆರ್‌ವಿ ಪಾರ್ಕ್. ತಿಂಗಳ ಲೆಕ್ಕದಲ್ಲಿ ಕಾಯಂ ಇರಲು ಬಿಡುವ ಪಾರ್ಕ್‌ಗಳಿವೆ. ಫುಲ್ ಹುಕಪ್ ಇದೆಯಾ ಅಂತ ಕೇಳಿ, ಅಂದರೆ ನೀರು, ಕರೆಂಟು, ಚರಂಡಿ ಮೂರೂ. ಬಹಳ ಕಡೆ 10 ವರ್ಷಕ್ಕಿಂತ ಹಳೆಯ ಗಾಡಿಗೆ ಜಾಗ ಕೊಡುವುದಿಲ್ಲ, ನಿಮ್ಮದು ಎಷ್ಟು ವರ್ಷದ್ದು? ರಸ್ತೆ ಬದಿಯಲ್ಲಿ ವಾಸ ಮಾಡುವ ಯೋಚನೆಯನ್ನೇ ಬಿಡಿ. ಸರ್ಕಾರಿ ಕಾಡಿನಲ್ಲಿ ಪುಕ್ಕಟೆ ನಿಲ್ಲಿಸಬಹುದಂತೆ ಅಂತ ಕೇಳಿದ್ದೀರಿ. ಹೌದು, ಆದರೆ ಸಾಮಾನ್ಯವಾಗಿ 14 ದಿನದ ಮಿತಿ. ಅದು ರಜೆಗೆ ಸರಿ, ಸಂಸಾರಕ್ಕಲ್ಲ.

ನಿಮ್ಮ ಮೆಸೇಜಿನಲ್ಲಿ ಹೆಚ್ಚು ಚಿಂತೆಗೆ ಹಚ್ಚಿದ್ದು "ನಾಲ್ಕು ಊರು ನೋಡಿಕೊಂಡು ಇರೋಣ" ಅನ್ನುವ ಮಾತು. ನೀವು ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದೀರಿ. ಇಲ್ಲಿನವರು ಟೈನಿ ಹೌಸ್ ಬಗ್ಗೆ ಬರೆದದ್ದು ಎಷ್ಟು ಓದಿದರೂ ಈ ವಿಷಯ ಸಿಗುವುದಿಲ್ಲ, ಅವರಿಗೆ ಅದರ ಚಿಂತೆ ಇಲ್ಲವಲ್ಲ. ನಿಮ್ಮ ವೀಸಾ ಒಂದು ಕೆಲಸದ ಜಾಗಕ್ಕೆ ಕಟ್ಟಿದೆ. ಮನೆಯಿಂದ ಕೆಲಸ ಮಾಡಿದರೆ ಆ ಮನೆಯೇ ಕೆಲಸದ ಜಾಗ. 2015ರಲ್ಲಿ ಸಿಮಿಯೋ ಅನ್ನುವ ಕಂಪನಿಯ ವೀಸಾ ಪ್ರಕರಣದಲ್ಲಿ ಬಂದ ತೀರ್ಪಿನ ನಂತರ, ಅದೇ ಮಹಾನಗರ ವಲಯದ ಆಚೆಗೆ ಕೆಲಸದ ಜಾಗ ಬದಲಾದರೆ ಕಂಪನಿ ಮೊದಲೇ ತಿದ್ದುಪಡಿ ಅರ್ಜಿ ಹಾಕಬೇಕು. ಪೋರ್ಟ್‌ಲ್ಯಾಂಡ್, ಹಿಲ್ಸ್‌ಬರೋ, ನದಿಯಾಚೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಎಲ್ಲ ಒಂದೇ ವಲಯ. ಈ ವಲಯದ ಒಳಗೆ ಓಡಾಡಿದರೆ ಅಷ್ಟು ತೊಡಕಿಲ್ಲ, ಆದರೂ ಕಂಪನಿಗೆ ತಿಳಿಸಿಯೇ ಹೋಗಿ. ದೂರದ ಬೆಂಡ್ ಊರಿಗೋ ಸಿಯಾಟಲ್‌ಗೋ ಮನೆ ಎಳೆದುಕೊಂಡು ಹೋಗಿ ತಿಂಗಳುಗಟ್ಟಲೆ ಅಲ್ಲಿಂದ ಲಾಗಿನ್ ಆಗುವುದು ಬೇರೆ ಮಾತು. ಕಂಪನಿಯ ವಕೀಲರನ್ನು ಕೇಳದೆ ಅದನ್ನು ಮಾಡಲೇಬೇಡಿ.

ವಿಳಾಸವೂ ಅಷ್ಟೇ ಮುಖ್ಯ. ಮನೆ ಬದಲಾದ 10 ದಿನದೊಳಗೆ ಎಆರ್-11 ಅನ್ನುವ ಫಾರ್ಮಿನಲ್ಲಿ ವಲಸೆ ಇಲಾಖೆಗೆ ತಿಳಿಸಬೇಕು. ಡ್ರೈವಿಂಗ್ ಲೈಸೆನ್ಸ್, ಬ್ಯಾಂಕು, ಮುಂದೆ ಮಕ್ಕಳ ಶಾಲೆ ಎಲ್ಲಕ್ಕೂ ನೀವು ನಿಜವಾಗಿ ವಾಸ ಮಾಡುವ ಜಾಗದ ವಿಳಾಸ ಬೇಕು. ಕಾನೂನಿಗೆ ಒಪ್ಪುವ ಜಾಗ ಇಲ್ಲದಿದ್ದರೆ ಆ ಫಾರ್ಮಿನಲ್ಲಿ ಏನು ಬರೆಯುತ್ತೀರಿ? ಗ್ರೀನ್ ಕಾರ್ಡ್ ಇರುವವರಿಗೆ ಜೋನಿಂಗ್ ನೋಟಿಸ್ ಅಂದರೆ ದುಡ್ಡಿನ ತಲೆನೋವು. ನಿಮಗೆ ಅದರ ಜೊತೆ ಕಾಗದಪತ್ರದ ಗೋಜಲೂ ಸೇರುತ್ತದೆ. ಇನ್ನೊಂದು, ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಕಾಲಾವಕಾಶ. ಅಷ್ಟರಲ್ಲಿ ಈ ಮನೆ ಮಾರುವುದು ಸುಲಭವಲ್ಲ. ಕೊಳ್ಳುವವರೂ ಜಾಗ ಎಲ್ಲಿ ಅಂತಲೇ ಕೇಳುತ್ತಾರೆ.

ಮುಂದೆ ಕ್ಯಾಲಿಫೋರ್ನಿಯಾಕ್ಕೆ ವರ್ಗ ಆಗಬಹುದು ಅಂದಿರಿ. ಅಲ್ಲಿ ಫ್ರೆಸ್ನೋ 2016ರಲ್ಲೇ ಹಿತ್ತಲಿನ ಗಾಡಿಮನೆಗೆ ದಾರಿ ಮಾಡಿತು. ಲಾಸ್ ಏಂಜಲೀಸ್ 2019ರಲ್ಲಿ, ಸ್ಯಾನ್ ಡಿಯೇಗೋ 2020ರಲ್ಲಿ ಒಪ್ಪಿದವು. ಚಕ್ರ ಕಾಣದಂತೆ ಮುಚ್ಚಬೇಕು, ನೋಡಲು ಮನೆಯಂತೆ ಇರಬೇಕು ಅನ್ನುವ ಥರದ ಷರತ್ತುಗಳಿವೆ. ಟೆಕ್ಸಸ್‌ನ ಸ್ಪರ್ ಅನ್ನುವ ಪುಟ್ಟ ಊರು 2014ರಲ್ಲಿ ಟೈನಿ ಹೌಸ್‌ಗಳಿಗೆ ಸ್ವಾಗತ ಅಂತ ಸಾರಿ ಹೆಸರು ಮಾಡಿತು. ಆಮೇಲೆ ಅಲ್ಲೂ ಅಡಿಪಾಯ ಬೇಕು ಅಂದರು. ನಿಯಮ ಬದಲಾಗುತ್ತಿರುತ್ತದೆ. ಕೊಳ್ಳುವ ದಿನ ಏನಿದೆಯೋ ಅದನ್ನೇ ನೋಡಬೇಕು.

ಸಾಲದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮನೆಸಾಲ ಸಿಗುವುದಿಲ್ಲ, ನೆಲಕ್ಕೆ ಸೇರಿಲ್ಲವಲ್ಲ. ಆರ್‌ವಿ ಸಾಲ ಇಲ್ಲವೇ ಪರ್ಸನಲ್ ಲೋನ್, ಬಡ್ಡಿ ಜಾಸ್ತಿ, ಅವಧಿ ಕಡಿಮೆ. ನೀವು ಹೊಸಬರು, ಕ್ರೆಡಿಟ್ ಇತಿಹಾಸವೂ ಕಡಿಮೆ. ಬೆಲೆ ಏರುವುದು ಸಾಮಾನ್ಯವಾಗಿ ನೆಲದ್ದು, ಗಾಡಿಯದ್ದಲ್ಲ. ಇದನ್ನು ಆಸ್ತಿ ಅಂತ ಲೆಕ್ಕ ಹಾಕಬೇಡಿ, ಬಾಡಿಗೆ ಉಳಿಸುವ ದಾರಿ ಅಂತ ಮಾತ್ರ ನೋಡಿ. ಎಳೆಯಲು ಭಾರಿ ಪಿಕಪ್ ಬೇಕು. ಕಾರಿನಿಂದ ಆಗದು. ಎಳೆಯುವವರಿಗೆ ದುಡ್ಡು ಕೊಟ್ಟೇ ತರಿಸಿ.

ನಿಮ್ಮ ಅಪ್ಪ ಅಮ್ಮ ಬೇಸಿಗೆಗೆ ಬರುತ್ತಾರೆ ಅಂದಿರಿ. ಲಾಫ್ಟಿಗೆ ಹತ್ತುವುದು ಏಣಿಯಲ್ಲಿ. ಮಂಡಿ ನೋವಿನವರಿಗೆ ರಾತ್ರಿ ಎದ್ದು ಇಳಿಯುವುದು ಆಗದ ಮಾತು. ಕೆಳಗೆ ಒಂದು ಮಂಚ ಹಿಡಿಯುವ ಮನೆಯನ್ನೇ ಹುಡುಕಿ. ಅಡುಗೆಮನೆಯ ಫ್ಯಾನು ಗಾಳಿಯನ್ನು ಹೊರಗೆ ತಳ್ಳುವಂಥದ್ದೇ ಇರಲಿ. ನಮ್ಮ ಒಗ್ಗರಣೆಯ ಘಾಟು 204 ಚದರ ಅಡಿಯಲ್ಲಿ ಹಾಸಿಗೆಗೂ ಹತ್ತುತ್ತದೆ. ಚಳಿಗಾಲದಲ್ಲಿ ಕುಕ್ಕರ್ ಹಬೆ ಗೋಡೆಯ ಮೇಲೆ ನೀರಾಗಿ ಇಳಿದು ಬೂಷ್ಟು ಹಿಡಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಸರಿಯಾದ ಜಾಗ ಸಿಕ್ಕರೆ ಇದು ಒಳ್ಳೆಯ ಬದುಕೇ. ನಮ್ಮ ಹಿತ್ತಲಿನ ಟೀಚರ್ ಇಲ್ಲಿನ ಅಪಾರ್ಟ್‌ಮೆಂಟ್ ಬಾಡಿಗೆಯ ಚಿಂತೆಯಿಲ್ಲದೆ, ಶಾಲೆಗೆ ಹತ್ತಿರ, ನೆಮ್ಮದಿಯಾಗಿ ಇದ್ದಾರೆ.

ಈ ವಾರ ಹೀಗೆ ಮಾಡಿ. ಆ ಮನೆಯ ಮುದ್ರೆಯ ಪ್ಲೇಟ್, ಟೈಟಲ್ (ಮಾಲೀಕತ್ವದ) ಕಾಗದ ಎರಡರ ಫೋಟೋ ಮಾರುವವರಿಂದ ತರಿಸಿ. ಮನಸ್ಸಿನಲ್ಲಿರುವ ಜಾಗದ ವಿಳಾಸ ಹಿಡಿದು ಆ ಊರಿನ ಪ್ಲಾನಿಂಗ್ ಆಫೀಸಿಗೆ ಇಮೇಲ್ ಮಾಡಿ. "ಈ ವಿಳಾಸದಲ್ಲಿ ಚಕ್ರದ ಮೇಲಿನ ಟೈನಿ ಹೌಸ್ ಇಟ್ಟುಕೊಂಡು ವರ್ಷವಿಡೀ ವಾಸ ಮಾಡಬಹುದಾ" ಅಂತಲೇ ಕೇಳಿ. ಬರೀ ನಿಲ್ಲಿಸಬಹುದಾ ಅಂತ ಕೇಳಬೇಡಿ. ಫೋನಿನಲ್ಲಿ ಹೇಳಿದ್ದು ಸಾಲದು, ಉತ್ತರ ಬರಹದಲ್ಲಿ ಇರಲಿ. ಅದು ಬಂದ ಮೇಲೆ ನನಗೆ ಕಳಿಸಿ, ಇಬ್ಬರೂ ಕೂತು ಓದೋಣ. ಶನಿವಾರ ಬಿಡುವಿದ್ದರೆ ನಿಮ್ಮವರನ್ನೂ ಕರೆದುಕೊಂಡು ಊಟಕ್ಕೆ ಬನ್ನಿ. ಪೈಪು, ಮೀಟರು, ಒಳಗಿನ ಜಾಗ ಎಲ್ಲ ತೋರಿಸುತ್ತೇನೆ, ಟೀಚರ್ ಹತ್ತಿರ ಆಗಲೇ ಕೇಳಿಟ್ಟಿದ್ದೇನೆ.