ಘಾಟ್ ಹತ್ತುವಾಗ ಪದ್ಮಿನಿ ಕಟಕಟ ಅಂದರೆ

ಐಡಲ್‌ನಲ್ಲಿ (ನಿಂತಲ್ಲೇ ಎಂಜಿನ್ ಓಡುವಾಗ) ನಿಮ್ಮ ಪ್ರೀಮಿಯರ್ ಪದ್ಮಿನಿ ಕಾರು ಚೆನ್ನಾಗಿದೆ, ಖಂಡಾಲಾ ಘಾಟ್ ಹತ್ತುವಾಗ ಮಾತ್ರ ಎಂಜಿನ್ ಕಟಕಟ ಅನ್ನುತ್ತಿತ್ತು, ಟೈಮಿಂಗ್ (ಪ್ಲಗ್‌ನಲ್ಲಿ ಕಿಡಿ ಬರುವ ಹೊತ್ತು) ಹಿಂದಕ್ಕಿಟ್ಟ ಮೇಲೆ ಸದ್ದಿನ ಜೊತೆ ಪಿಕಪ್ಪೂ ಹೋಯಿತು ಅಂತ ಕೇಳಿದ್ದೀರಿ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರನ್ನು ಸುಮ್ನೆ ತಿರುಗಿಸುತ್ತಾ ಹೋಗಬೇಡಿ. ಮೊದಲು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಿಡಿದು ಪಾಯಿಂಟ್ ಗ್ಯಾಪ್, ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪಾಯಿಂಟ್‌ಗಳ ನಡುವಿನ ಸಂದು, ಸರಿ ಮಾಡಿಸಿ, ಆಮೇಲೆ ಟೈಮಿಂಗ್. ಗ್ಯಾಪ್ ಜಾಸ್ತಿಯಾದರೆ ಕಿಡಿ ಬೇಗ ಬರುತ್ತದೆ, ಕಮ್ಮಿಯಾದರೆ ತಡ. ಹಾಗಾಗಿ ಗ್ಯಾಪ್ ಆಮೇಲೆ ಮುಟ್ಟಿದರೆ ಟೈಮಿಂಗ್ ಮತ್ತೆ ಕೆಡುತ್ತದೆ.

ನನಗೆ ಜಾಸ್ತಿ ಅನುಮಾನ ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ಬಿಲ್ಲೆಗಳ ಸ್ಪ್ರಿಂಗ್ ಮೇಲೆ. ಸ್ಪೀಡ್ ಏರಿದಂತೆ ಟೈಮಿಂಗ್ ಮುಂದಕ್ಕೆ ಸರಿಸುವುದು ಈ ಬಿಲ್ಲೆಗಳೇ. ಅವು ಸಡಿಲವಾದರೆ ಸ್ಪೀಡ್ ಏರುವ ಮೊದಲೇ ಟೈಮಿಂಗ್ ಮುಂದಕ್ಕೆ ಓಡುತ್ತದೆ. ಐಡಲ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಲೋಡ್ ಬಿದ್ದಾಗ ಬಡಿಯುತ್ತದೆ. ಕಿಡಿ ಬಂದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟನ್ನು ಎಂಜಿನ್ ಮೇಲಿನ ಟೈಮಿಂಗ್ ಗುರುತಿಗೆ ಹಿಡಿದು ಮೆಲ್ಲಗೆ ರೇಸ್ ಮಾಡಿ. ಗುರುತು ಒಂದೇ ಸಮನೆ ಸರಿಯಬೇಕು, ಬಿಟ್ಟರೆ ಅದೇ ಜಾಗಕ್ಕೆ ಬರಬೇಕು. ಐಡಲ್‌ನಲ್ಲೇ ಗುರುತು ಅತ್ತಿತ್ತ ಕುಣಿದರೆ ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಹಿಡಿದಿರುವ ಬುಷ್ ಸವೆದಿರಬಹುದು, ಶಾಫ್ಟ್ ಅಲ್ಲಾಡಿಸಿ ನೋಡಿ. ಪ್ಲಗ್ ವೈರ್ ಬಿಚ್ಚಿದರೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) 1-3-4-2, ನೆನಪಿರಲಿ.

ಗಾಡಿ ಕುರ್ಲಾದಲ್ಲೇ ತಯಾರಾಗಿದ್ದು ಅಲ್ವಾ? ಮುಂಬೈಯಲ್ಲಿ ಹಳೇ ಕಾಲಿ-ಪೀಲಿ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿ ರಿಪೇರಿ ಮಾಡಿದ ಮೆಕ್ಯಾನಿಕ್ ಸಿಕ್ಕರೆ ಅವರಿಗೇ ತೋರಿಸಿ. ಇಷ್ಟಾದರೂ ಸದ್ದು ನಿಲ್ಲದಿದ್ದರೆ ಎಂಜಿನ್ ಹೆಡ್ ಬಿಚ್ಚಿಸಿ ಒಳಗೆ ಕಾರ್ಬನ್ ಮಸಿ ಕಟ್ಟಿದೆಯಾ ನೋಡಿಸಿ.